ಜೇನುಪೆಟ್ಟಿಗೆಗೆ ಸಬ್ಸಿಡಿ ಎಷ್ಟಿರಬೇಕು? ಧನಾತ್ಮಕ ಬಾಹ್ಯತೆಯನ್ನು ಅಳೆದು ಲೆಕ್ಕ ಹಾಕುವ ಕ್ರಮ

ಕೊಡಗಿನಲ್ಲಿ ರೊಬಸ್ಟಾ ಕಾಫಿ ತೋಟದ ಬೇಲಿ ಪಕ್ಕ ಒಬ್ಬರು ತುಡುವೆ ಜೇನಿನ ಪೆಟ್ಟಿಗೆ ಇಟ್ಟರು ಅಂದುಕೊಳ್ಳಿ. ತುಪ್ಪ ಅವರಿಗೆ ಸಿಗುತ್ತದೆ, ಕಾಯಿ ಮಾತ್ರ ಪಕ್ಕದವರ ಗಿಡದಲ್ಲೂ ಕಟ್ಟುತ್ತದೆ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಜಾತಿಯಲ್ಲ. ಬೇರೆ ಗಿಡದ ಪರಾಗ ಗಾಳಿಯಲ್ಲಿ ತೇಲಿ ಬರಬೇಕು, ಇಲ್ಲವೇ ಹುಳುವಿನ ಮೈಗೆ ಅಂಟಿ ಬರಬೇಕು. ಆ ಕೆಲಸ ಮಾಡಿಕೊಟ್ಟ ಜೇನಿಗೆ ಪಕ್ಕದ ತೋಟದವರು ಹಣ ಕೊಡುವುದಿಲ್ಲ. ಹಾಗಾಗಿ ಇನ್ನೊಂದು ಪೆಟ್ಟಿಗೆ ಇಡಲೋ ಬೇಡವೋ ಎಂದು ಸಾಕುವವರು ಯೋಚಿಸುವಾಗ ಪಕ್ಕದವರ ಲಾಭ ಲೆಕ್ಕಕ್ಕೇ ಬರುವುದಿಲ್ಲ. ಊರಿಗೆ ಬೇಕಾದ್ದಕ್ಕಿಂತ ಕಡಿಮೆ ಪೆಟ್ಟಿಗೆ ಉಳಿಯುತ್ತವೆ. ಅರ್ಥಶಾಸ್ತ್ರದಲ್ಲಿ ಇದು ಧನಾತ್ಮಕ ಬಾಹ್ಯತೆ. ಇಂಥ ಕಡೆ ಸರ್ಕಾರ ಸಹಾಯಧನ ಕೊಟ್ಟು ಕೊರತೆ ತುಂಬಬಹುದು ಎಂಬ ವಾದವನ್ನು 1920ರಲ್ಲಿ ಕ್ರಮಬದ್ಧವಾಗಿ ಮಂಡಿಸಿದವರು ಇಂಗ್ಲೆಂಡಿನ ಎ.ಸಿ. ಪಿಗೂ. ಸೇಬಿನ ತೋಟ ಮತ್ತು ಜೇನಿನ ಉದಾಹರಣೆಯನ್ನು 1952ರಲ್ಲಿ ಜೇಮ್ಸ್ ಮೀಡ್ ಕೊಟ್ಟ ಮೇಲೆ ಜೇನುಪೆಟ್ಟಿಗೆ ಈ ವಿಷಯದ ಕಾಯಂ ಉದಾಹರಣೆಯಾಗಿದೆ.

ತರಗತಿಯ ನೋಟ್ಸು ಸಾಮಾನ್ಯವಾಗಿ ‘ಸಬ್ಸಿಡಿ ಕೊಡಬೇಕು’ ಅನ್ನುವಲ್ಲಿಗೆ ಮುಗಿಯುತ್ತದೆ. ಎಷ್ಟು ಕೊಡಬೇಕು, ಯಾವುದಕ್ಕೆ ಕೊಡಬೇಕು ಎಂಬ ಕಷ್ಟದ ಪ್ರಶ್ನೆ ಶುರುವಾಗುವುದೇ ಅಲ್ಲಿಂದ. ಇದಕ್ಕೆ ಉತ್ತರ ಇರುವುದು ಕೊನೆಯ ಪೆಟ್ಟಿಗೆಯಲ್ಲಿ. ಜೇನು ಒಟ್ಟು ಎಷ್ಟು ಉಪಕಾರ ಮಾಡುತ್ತದೆ ಎಂಬುದು ಭಾಷಣಕ್ಕೆ ಸರಿ. ಸಬ್ಸಿಡಿಯ ದರ ನಿಲ್ಲುವುದು ಇನ್ನೊಂದು ಪೆಟ್ಟಿಗೆ ಹೆಚ್ಚಿಸಿದರೆ ಪಕ್ಕದವರಿಗೆ ಎಷ್ಟು ಹೆಚ್ಚುತ್ತದೆ ಎಂಬುದರ ಮೇಲೆ. ಪಿಯುಸಿ, ಪದವಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೂ, ಯೋಜನೆಯ ಟಿಪ್ಪಣಿ ಬರೆಯಬೇಕಾದವರಿಗೂ ಲೆಕ್ಕ ಇದೇ.

ಮೊದಲು: ಇದು ನಿಜಕ್ಕೂ ಬಾಹ್ಯತೆಯೇ?

ಲಾಭ ಪಡೆಯುವವರು ಬೇರೆ ದಾರಿಯಲ್ಲಿ ಹಣ ಕೊಡುತ್ತಿದ್ದಾರಾ ನೋಡಿ. ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳಲ್ಲಿ ಎಕರೆಗೆ ಸುಮಾರು ಎರಡು ಪೆಟ್ಟಿಗೆ ಲೆಕ್ಕದಲ್ಲಿ ಜೇನನ್ನು ಬಾಡಿಗೆಗೆ ತರಿಸುತ್ತಾರೆ. ಈಚಿನ ವರ್ಷಗಳಲ್ಲಿ ಒಂದು ಪೆಟ್ಟಿಗೆಗೆ ಒಂದು ಹೂವಿನ ಋತುವಿನ ಬಾಡಿಗೆ 200 ಡಾಲರ್ ಆಸುಪಾಸಿನಲ್ಲಿದೆ. ಅಲ್ಲಿ ಪರಾಗಸ್ಪರ್ಶಕ್ಕೇ ಮಾರುಕಟ್ಟೆ ಇದೆ, ಆದ್ದರಿಂದ ಬಾಹ್ಯತೆ ಉಳಿದಿಲ್ಲ. ಮೀಡ್ ಕೊಟ್ಟ ಉದಾಹರಣೆಯನ್ನು ಸ್ಟೀವನ್ ಚ್ಯೂಂಗ್ 1973ರಲ್ಲಿ ಪ್ರಶ್ನಿಸಿದ್ದೂ ಹೀಗೆಯೇ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೇನು ಸಾಕುವವರಿಗೂ ತೋಟದವರಿಗೂ ಒಪ್ಪಂದಗಳು ಆಗಲೇ ನಡೆಯುತ್ತಿದ್ದವು. ಹಕ್ಕು ಯಾರದೆಂಬುದು ಸ್ಪಷ್ಟವಾಗಿದ್ದು, ಮಾತುಕತೆಗೆ ಖರ್ಚಿಲ್ಲದಿದ್ದರೆ ಜನ ತಾವೇ ಬಗೆಹರಿಸಿಕೊಳ್ಳುತ್ತಾರೆ ಎಂಬ 1960ರ ರೊನಾಲ್ಡ್ ಕೋಸ್ ಅವರ ವಾದಕ್ಕೆ ಇದು ಒಳ್ಳೆಯ ಸಾಕ್ಷಿ.

ಕೊಡಗಿನಲ್ಲಿ ಪರಿಸ್ಥಿತಿ ಬೇರೆ. ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನರ ತೋಟ 10 ಹೆಕ್ಟೇರ್‌ಗಿಂತ ಚಿಕ್ಕದು. ತುಡುವೆ ಜೇನು ಮೇವಿಗೆ ಹೋಗುವುದು ಸಾಮಾನ್ಯವಾಗಿ ಒಂದು ಕಿಲೋಮೀಟರ್ ಆಸುಪಾಸು. ಅಷ್ಟರೊಳಗೆ ಹತ್ತಾರು ಮಾಲೀಕರ ಜಾಗ ಬರುತ್ತದೆ. ಅವರೆಲ್ಲರನ್ನೂ ಕೂರಿಸಿ ಪಾಲು ಕಟ್ಟಿಸುವುದು ಕಷ್ಟ. ಕಟ್ಟದವರ ಗಿಡಕ್ಕೆ ಜೇನು ಹೋಗದ ಹಾಗೆ ತಡೆಯುವುದಂತೂ ಆಗದ ಮಾತು. ಅದೇ 500 ಎಕರೆಯ ದೊಡ್ಡ ಎಸ್ಟೇಟಿನ ನಡುವೆ ಪೆಟ್ಟಿಗೆ ಇಟ್ಟರೆ ಲಾಭದ ಬಹುಪಾಲು ಎಸ್ಟೇಟಿನೊಳಗೇ ಉಳಿಯುತ್ತದೆ. ಅಲ್ಲಿಗೆ ಸಬ್ಸಿಡಿ ಕೊಡಲು ಹೆಚ್ಚು ಕಾರಣವಿಲ್ಲ.

ಇನ್ನೆರಡು ಸೋಸುವಿಕೆ ಬೇಕು. ಪೆಟ್ಟಿಗೆ ಹೆಚ್ಚಿ ಜೇನುತುಪ್ಪದ ಬೆಲೆ ಇಳಿದರೆ ಕೊಳ್ಳುವವರಿಗೆ ಲಾಭವೇ, ಆದರೆ ಅದು ಮಾರುವವರ ಜೇಬಿನಿಂದ ಹೋದದ್ದು. ಬೆಲೆಯ ಮೂಲಕ ಕೈ ಬದಲಿಸಿದ ಹಣವನ್ನು ಬಾಹ್ಯ ಲಾಭವೆಂದು ಸೇರಿಸಬೇಡಿ. ಎರಡನೆಯದು, ಸಬ್ಸಿಡಿ ಇರುವ ಕಡೆಯಲ್ಲೆಲ್ಲ ಧನಾತ್ಮಕ ಬಾಹ್ಯತೆ ಇದೆ ಎಂದು ಹಿಂದುಮುಂದಾಗಿ ತರ್ಕಿಸಬೇಡಿ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಇದೆ. ರೈತರ ಆದಾಯದ ದೃಷ್ಟಿಯಿಂದ ಅದನ್ನು ಸಮರ್ಥಿಸಬಹುದು. ಅಂತರ್ಜಲದ ದೃಷ್ಟಿಯಿಂದ ನೋಡಿದರೆ ಒಬ್ಬರು ಹೆಚ್ಚು ಎತ್ತಿದಷ್ಟೂ ಪಕ್ಕದವರ ಬೋರ್‌ವೆಲ್ ಬತ್ತುತ್ತದೆ. ಅಲ್ಲಿನ ಬಾಹ್ಯತೆ ಋಣಾತ್ಮಕ.

ತೋಟದಲ್ಲಿ ಅಳೆಯುವುದು

ಎಲ್ಲ ಲೆಕ್ಕವೂ ನಿಲ್ಲುವುದು ಒಂದು ಅಂಕಿಯ ಮೇಲೆ. ಅದು ಸೀಮಾಂತ ಬಾಹ್ಯ ಲಾಭ, ಅಂದರೆ ಇನ್ನೊಂದು ಪೆಟ್ಟಿಗೆಯಿಂದ ಮಾಲೀಕರನ್ನು ಬಿಟ್ಟು ಉಳಿದವರಿಗೆ ಸಿಗುವ ರೂಪಾಯಿ. ಬರೀ ಅಂದಾಜಿಗೆ ಬಿಟ್ಟರೆ ಮುಂದಿನದೆಲ್ಲ ಪೊಳ್ಳು. ರೊಬಸ್ಟಾದಲ್ಲಿ ಇದನ್ನು ಅಳೆಯುವ ದಾರಿ ಹೀಗಿದೆ.

ಹೂಮಳೆ ಬಿದ್ದ ಅಥವಾ ಸ್ಪ್ರಿಂಕ್ಲರ್ ಹಾಯಿಸಿದ ಮೇಲೆ ಮೊಗ್ಗು ಅರಳಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಹೂ ತಾಜಾ ಇರುವುದು ಎರಡು ಮೂರು ದಿನ ಮಾತ್ರ. ಆದ್ದರಿಂದ ಮೊಗ್ಗು ಬಿಳಿಯಾಗಿ ಉಬ್ಬಿದಾಗಲೇ ತಯಾರಾಗಿರಬೇಕು. ಪೆಟ್ಟಿಗೆಯಿಂದ ಸುಮಾರು 100, 300, 600 ಮತ್ತು 1,000 ಮೀಟರ್ ದೂರದಲ್ಲಿ ಒಂದೇ ವಯಸ್ಸಿನ, ಒಂದೇ ನೆರಳಿನ ಗಿಡಗಳನ್ನು ಆರಿಸಿ. ಪ್ರತಿ ದೂರದಲ್ಲೂ 20 ಗಿಡ ಇದ್ದರೆ ಒಳ್ಳೆಯದು. ಪ್ರತಿ ಗಿಡದಲ್ಲಿ ಒಂದೇ ಎತ್ತರದ ಎರಡು ರೆಕ್ಕೆ (ಅಂದರೆ ಕೊಂಬೆ) ಹಿಡಿದು ಮೊಗ್ಗು ಎಣಿಸಿ ಬರೆದುಕೊಳ್ಳಿ. ಒಂದು ರೆಕ್ಕೆಗೆ ಸಣ್ಣ ಕಣ್ಣಿನ ನೈಲಾನ್ ಬಲೆಯ ಚೀಲ ಕಟ್ಟಿ, ಇನ್ನೊಂದನ್ನು ತೆರೆದೇ ಬಿಡಿ. ಬಲೆಯೊಳಗೆ ಹುಳು ಹೋಗದು, ಗಾಳಿಯ ಪರಾಗ ಹೋಗುತ್ತದೆ. ಹಾಗಾಗಿ ಎರಡು ರೆಕ್ಕೆಗಳ ವ್ಯತ್ಯಾಸ ಹುಳುಗಳ ಪಾಲನ್ನು ತೋರಿಸುತ್ತದೆ. ಹೂ ಬಾಡಿದ ಕೂಡಲೇ ಚೀಲ ಬಿಚ್ಚಿಬಿಡಿ. ಬಿಚ್ಚದಿದ್ದರೆ ಒಳಗೆ ತೇವ ನಿಂತು ಎಳೆಕಾಯಿ ಉದುರಬಹುದು, ಅದು ಜೇನಿಲ್ಲದ ದೋಷವೆಂದು ಲೆಕ್ಕಕ್ಕೆ ಸೇರಿಬಿಡುತ್ತದೆ. ಕಾಯಿಯನ್ನು ಎರಡು ಸಲ ಎಣಿಸಿ: ಕಚ್ಚಿದ ಮೇಲೊಮ್ಮೆ, ಕೊಯ್ಲಿಗೆ ಮುಂಚೆ ಇನ್ನೊಮ್ಮೆ. ಮುಂಗಾರಿನಲ್ಲಿ ಕಾಯಿ ಉದುರುವುದರಿಂದ ಮೊದಲ ಎಣಿಕೆ ಒಂದನ್ನೇ ನಂಬಿದರೆ ಲಾಭ ಉಬ್ಬಿ ಕಾಣುತ್ತದೆ.

ಹೆಚ್ಚಿನವರು ಎಡವುವ ಜಾಗ ಇಲ್ಲಿದೆ. ಚೀಲ ಕಟ್ಟಿದ ಮತ್ತು ಕಟ್ಟದ ರೆಕ್ಕೆಯ ವ್ಯತ್ಯಾಸ ಹೇಳುವುದು ‘ಎಲ್ಲ ಹುಳುವೂ ಇದ್ದರೆ’ ಮತ್ತು ‘ಒಂದು ಹುಳುವೂ ಇಲ್ಲದಿದ್ದರೆ’ ಎಂಬುದರ ಅಂತರವನ್ನು. ಕಾಫಿ ಹೂವಿಗೆ ಹೆಜ್ಜೇನು ದಂಡುದಂಡಾಗಿ ಬರುತ್ತದೆ, ಅದನ್ನು ಯಾರೂ ಪೆಟ್ಟಿಗೆಯಲ್ಲಿ ಸಾಕಿಲ್ಲ. ಕೋಲುಜೇನು, ಮುಜಂಟಿಯೂ ಬರುತ್ತವೆ. ಅವುಗಳ ದುಡಿಮೆಯನ್ನೆಲ್ಲ ಪೆಟ್ಟಿಗೆಯ ಖಾತೆಗೆ ಬರೆದರೆ ಸಬ್ಸಿಡಿ ಹಲವು ಪಟ್ಟು ಏರುತ್ತದೆ. ಪೆಟ್ಟಿಗೆಯ ಪಾಲು ತಿಳಿಯುವುದು ದೂರ ಹೆಚ್ಚಿದಂತೆ ತೆರೆದ ರೆಕ್ಕೆಯ ಕಾಯಿ ಎಷ್ಟು ಇಳಿಯುತ್ತದೆ ಎಂಬುದರಿಂದ. ಅದಕ್ಕೇ ನಾಲ್ಕು ದೂರ ಬೇಕು ಅಂದದ್ದು. ಹತ್ತಿರದಲ್ಲೂ ದೂರದಲ್ಲೂ ಒಂದೇ ಅಂಕಿ ಬಂದರೆ ಆ ಜಾಗಕ್ಕೆ ಕಾಡಿನ ಜೇನೇ ಸಾಕು, ಪೆಟ್ಟಿಗೆಗೆ ಹಣ ಸುರಿಯುವುದು ಬೇಡ.

ಹೆಚ್ಚಿದ ಕಾಯಿಯನ್ನು ರೂಪಾಯಿಗೆ ತರುವಾಗ ಮಾರುಕಟ್ಟೆ ಬೆಲೆಯಿಂದ ಕೊಯ್ಲು, ಒಣಗಿಸುವುದು, ಸಾಗಣೆಯ ಖರ್ಚು ಕಳೆಯಿರಿ. ಪೆಟ್ಟಿಗೆಯ ಮಾಲೀಕರ ಸ್ವಂತ ತೋಟದ ಹೆಚ್ಚಳವನ್ನು ಬಾಹ್ಯ ಲಾಭದಿಂದ ತೆಗೆಯಿರಿ, ಅದು ಅವರ ಖಾಸಗಿ ಲಾಭದಲ್ಲಿ ಆಗಲೇ ಸೇರಿದೆ. ಪೆಟ್ಟಿಗೆ ದಟ್ಟವಾದಂತೆ ಒಂದು ಜೇನು ಕುಟುಂಬದಿಂದ (ಒಂದು ಪೆಟ್ಟಿಗೆಯ ಜೇನುಗಳ ಗುಂಪಿನಿಂದ) ಇನ್ನೊಂದಕ್ಕೆ ರೋಗ ಹರಡುವ ಅಪಾಯವೂ ಹೆಚ್ಚುತ್ತದೆ. ಪಕ್ಕದ ಜೇನುಸಾಕಣೆದಾರರಿಗೆ ಆಗುವ ಆ ನಷ್ಟವನ್ನೂ ಕಳೆದರೆ ಉಳಿಯುವುದು ನಿವ್ವಳ ಬಾಹ್ಯ ಲಾಭ. ಅರೇಬಿಕಾ ತೋಟದಲ್ಲಿ ಇಷ್ಟೆಲ್ಲ ಮಾಡಿದರೂ ಅಂಕಿ ಚಿಕ್ಕದೇ ಬರುತ್ತದೆ, ಏಕೆಂದರೆ ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಎರಡೂ ಕಡೆ ಒಂದೇ ದರದ ಸಬ್ಸಿಡಿ ಕೊಡುವುದು ಸರಿಯಲ್ಲ ಎನ್ನಲು ಇದೊಂದೇ ಕಾರಣ ಸಾಕು.

ಸಮೀಕರಣ ಬರೆಯುವುದು

ಮುಂದಿನ ಅಂಕಿಗಳು ಲೆಕ್ಕ ಕಲಿಯಲು ಹಿಡಿದವು, ಯಾವುದೇ ಊರಿನವಲ್ಲ. ಎಲ್ಲವೂ ಒಂದು ವರ್ಷಕ್ಕೆ, ಒಂದು ಪೆಟ್ಟಿಗೆಗೆ. ಪೆಟ್ಟಿಗೆಯನ್ನು ಒಮ್ಮೆ ಕೊಂಡರೆ ಹಲವು ವರ್ಷ ಬಾಳುತ್ತದೆ. ಆದ್ದರಿಂದ ಪೂರ್ತಿ ಬೆಲೆಯನ್ನು ಒಂದೇ ವರ್ಷದ ಲಾಭದ ಎದುರು ಇಡಬೇಡಿ, ವರ್ಷಕ್ಕೆ ಹಂಚಿಯೇ ಬರೆಯಿರಿ. ‘ಪೆ’ ಅಂದರೆ ಆ ಪ್ರದೇಶದ ಪೆಟ್ಟಿಗೆಗಳ ಸಂಖ್ಯೆ.

ಖಾಸಗಿ ಸೀಮಾಂತ ಲಾಭ = 3,000 − 2ಪೆ
ಸೀಮಾಂತ ವೆಚ್ಚ = 1,000 + 2ಪೆ
ಸೀಮಾಂತ ಬಾಹ್ಯ ಲಾಭ = 1,200 − ಪೆ

ಮೊದಲನೆಯದು ಪೆಟ್ಟಿಗೆ ಕೊಳ್ಳುವವರ ಬೇಡಿಕೆ ರೇಖೆ, ಎರಡನೆಯದು ಕುಟುಂಬ ಪಾಲು ಮಾಡಿ ಮಾರುವವರ ಪೂರೈಕೆ ರೇಖೆ. ಮೂರನೆಯದು ಇಳಿಮುಖವಾಗಿದೆ, ಏಕೆಂದರೆ ಹೂವಿನ ಸಂಖ್ಯೆ ಅಷ್ಟೇ ಇದ್ದು ಜೇನು ಹೆಚ್ಚಿದಂತೆ ಹೊಸ ಪೆಟ್ಟಿಗೆಗೆ ಉಳಿಯುವ ಕೆಲಸ ಕಡಿಮೆ. ಕಾಫಿಯಲ್ಲಿ ಹೇಳುವುದಾದರೆ, 500ನೇ ಪೆಟ್ಟಿಗೆ ಪಕ್ಕದವರಿಗೆ 10 ಕಿಲೋ ಚೆರಿ (ಒಣಗಿಸಿದ ಕಾಫಿ ಹಣ್ಣು) ಹೆಚ್ಚಿಸುತ್ತದೆ, ಖರ್ಚು ಕಳೆದು ಕಿಲೋಗೆ 70 ರೂ., ಒಟ್ಟು 700 ರೂ. 640ನೇ ಪೆಟ್ಟಿಗೆ ಹೆಚ್ಚಿಸುವುದು 8 ಕಿಲೋ, ಅಂದರೆ 560 ರೂ.

ಸರ್ಕಾರ ಕೈಹಾಕದಿದ್ದರೆ ಖಾಸಗಿ ಲಾಭ ವೆಚ್ಚಕ್ಕೆ ಸಮವಾಗುವಲ್ಲಿ ಮಾರುಕಟ್ಟೆ ನಿಲ್ಲುತ್ತದೆ. 3,000 − 2ಪೆ = 1,000 + 2ಪೆ. ಪೆ = 500, ಬೆಲೆ 2,000 ರೂ.

ಊರಿಗೆ ಒಳ್ಳೆಯದಾದ ಸಂಖ್ಯೆ ಬೇಕಾದರೆ ಖಾಸಗಿ ಮತ್ತು ಬಾಹ್ಯ ಲಾಭ ಕೂಡಿಸಿ ವೆಚ್ಚಕ್ಕೆ ಸಮ ಮಾಡಿ. 4,200 − 3ಪೆ = 1,000 + 2ಪೆ. ಪೆ = 640.

ಸಬ್ಸಿಡಿಯ ದರವೆಂದರೆ 640ರಲ್ಲಿರುವ ಸೀಮಾಂತ ಬಾಹ್ಯ ಲಾಭ: 1,200 − 640 = 560 ರೂ. ತಾಳೆ ನೋಡಿ: ಬೇಡಿಕೆಗೆ 560 ಸೇರಿಸಿದರೆ 3,560 − 2ಪೆ = 1,000 + 2ಪೆ, ಪೆ = 640. ಸರಿ ಹೊಂದಿತು.

ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಹೋಗುವುದು ಇಲ್ಲೇ. ಈಗಿರುವ 500 ಪೆಟ್ಟಿಗೆಯಲ್ಲಿ ಬಾಹ್ಯ ಲಾಭ 700 ಇದೆಯಲ್ಲ ಎಂದು 700 ರೂ. ಬರೆದುಬಿಡುತ್ತಾರೆ. ಹಾಗೆ ಕೊಟ್ಟರೆ ಪೆಟ್ಟಿಗೆ 675ಕ್ಕೆ ಹೋಗುತ್ತದೆ. ಅಲ್ಲಿ ಒಟ್ಟು ಲಾಭ 2,175, ವೆಚ್ಚ 2,350, ಕೊನೆಯ ಪೆಟ್ಟಿಗೆಯ ಮೇಲೆ 175 ರೂ. ನಷ್ಟ. ದರ ತೆಗೆಯಬೇಕಾದ್ದು ಮುಟ್ಟಬೇಕಾದ ಜಾಗದಲ್ಲಿ, ಈಗ ನಿಂತಿರುವ ಜಾಗದಲ್ಲಲ್ಲ. ಬಾಹ್ಯ ಲಾಭ ಎಲ್ಲ ಪೆಟ್ಟಿಗೆಗೂ ಒಂದೇ ಆಗಿದ್ದರೆ ಎರಡೂ ಕಡೆ ಒಂದೇ ಉತ್ತರ ಬರುತ್ತದೆ. ಪುಸ್ತಕದ ಚಿತ್ರಗಳು ಹೆಚ್ಚಾಗಿ ಹಾಗಿರುವುದರಿಂದಲೇ ಈ ತಪ್ಪು ಬೇರೂರಿದೆ.

ಚಿತ್ರ

ಅಡ್ಡ ಅಕ್ಷದಲ್ಲಿ ಪೆಟ್ಟಿಗೆ, ಲಂಬ ಅಕ್ಷದಲ್ಲಿ ರೂಪಾಯಿ. ಖಾಸಗಿ ಲಾಭದ ರೇಖೆ 3,000ದಿಂದ, ಸಾಮಾಜಿಕ ಲಾಭದ ರೇಖೆ 4,200ರಿಂದ ಇಳಿಯುತ್ತದೆ. ಎರಡನ್ನೂ ಸಮಾನಾಂತರವಾಗಿ ಎಳೆಯಬೇಡಿ. ಬಲಕ್ಕೆ ಹೋದಂತೆ ಅವು ಹತ್ತಿರವಾಗುತ್ತಾ 1,200 ಪೆಟ್ಟಿಗೆಯಲ್ಲಿ ಕೂಡಬೇಕು. ವೆಚ್ಚದ ರೇಖೆ 1,000ದಿಂದ ಏರುತ್ತದೆ. ಮಾರುಕಟ್ಟೆಯ ಕೊರತೆಯಿಂದ ಕೈತಪ್ಪಿದ ಲಾಭ ಒಂದು ತ್ರಿಕೋನ. ಅದರ ಮೂಲೆಗಳು (500, 2,000), (500, 2,700), (640, 2,280). ತುದಿ ಯಾವಾಗಲೂ ಸರಿಯಾದ ಸಂಖ್ಯೆಯ ಕಡೆಗೇ ಚಾಚಿರುತ್ತದೆ. ಎಡಕ್ಕೆ ಚಾಚಿದ್ದರೆ ರೇಖೆ ತಪ್ಪಾಗಿದೆ ಎಂದರ್ಥ. ವಿಸ್ತೀರ್ಣ ½ × 140 × 700 = 49,000 ರೂ.

ಕೆಲವು ಪುಸ್ತಕಗಳು ಜೇನನ್ನು ಉತ್ಪಾದನೆಯ ಬಾಹ್ಯತೆ ಎಂದು ಹಿಡಿದು, ಲಾಭದ ರೇಖೆ ಮೇಲೆತ್ತುವ ಬದಲು ವೆಚ್ಚದ ರೇಖೆಯನ್ನು ಕೆಳಗಿಳಿಸುತ್ತವೆ. ಸಂಖ್ಯೆಯೂ ದರವೂ ಬದಲಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಸರಿಸಿದರೆ ಮಾತ್ರ ಒಂದೇ ಲಾಭವನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಹಣ ಯಾರ ಕೈ ಸೇರುತ್ತದೆ?

560 ರೂ. ಸಬ್ಸಿಡಿ ಇದ್ದಾಗ ಮಾರುವವರಿಗೆ ಸಿಗುವುದು 2,280, ಕೊಳ್ಳುವವರು ಕೈಯಿಂದ ಕೊಡುವುದು 1,720. ಮೊದಲಿನ 2,000ಕ್ಕೆ ಹೋಲಿಸಿದರೆ ಇಬ್ಬರಿಗೂ 280ರಂತೆ ಹಂಚಿಕೆ. ಇಲ್ಲಿ ಸಮಪಾಲಾದದ್ದು ಒಂದು ರೇಖೆ ಇಳಿಯುವಷ್ಟೇ ಕಡಿದಾಗಿ ಇನ್ನೊಂದು ಏರುವುದರಿಂದ. ಚೆಕ್ಕು ಯಾರ ಹೆಸರಿಗೆ ಬರೆದರೂ ಈ ಪಾಲು ಬದಲಾಗದು. ಅದನ್ನು ನಿರ್ಧರಿಸುವುದು ಬೇಡಿಕೆ ಪೂರೈಕೆಗಳ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಅವು ಎಷ್ಟು ಬದಲಾಗುತ್ತವೆ ಎಂಬುದು.

ಬೊಕ್ಕಸದ ಖರ್ಚು 560 × 640 = 3,58,400 ರೂ. ಇದನ್ನು 49,000ದ ಎದುರು ಇಟ್ಟು ಯೋಜನೆ ದಂಡ ಎನ್ನುವುದು ಅವಸರದ ತೀರ್ಮಾನ. ಕೊಳ್ಳುವವರ ಉಳಿತಾಯ 1,59,600 (280ನ್ನು 500 ಮತ್ತು 640ರ ಸರಾಸರಿ 570ರಿಂದ ಗುಣಿಸಿದ್ದು) ಹೆಚ್ಚುತ್ತದೆ, ಮಾರುವವರದ್ದೂ ಅಷ್ಟೇ. ಪಕ್ಕದ ತೋಟಗಳಿಗೆ 140 × 630 = 88,200 (700 ಮತ್ತು 560ರ ಸರಾಸರಿ 630). ಮೂರೂ ಸೇರಿ 4,07,400. ಖರ್ಚು ಕಳೆದರೆ ಉಳಿಯುವುದು ಅದೇ 49,000. ಈ ತಾಳೆಯನ್ನು ಪ್ರತಿ ಸಲವೂ ಮಾಡಿ. ಎರಡು ದಾರಿಯಲ್ಲಿ ಬಂದ ಉತ್ತರ ಒಂದೇ ಆಗದಿದ್ದರೆ ನಡುವೆ ಎಲ್ಲೋ ತಪ್ಪಿದೆ.

ತೆರಿಗೆಯ ಹಣ ಪುಕ್ಕಟೆಯಲ್ಲ

ಮೇಲಿನ ಲೆಕ್ಕ ಬೊಕ್ಕಸದ ಒಂದು ರೂಪಾಯಿಯನ್ನು ಒಂದೇ ರೂಪಾಯಿ ಎಂದು ಹಿಡಿದಿದೆ. ತೆರಿಗೆ ಎತ್ತುವಾಗ ವ್ಯಾಪಾರ, ದುಡಿಮೆ ಸ್ವಲ್ಪ ಕುಗ್ಗುತ್ತದೆ, ವಸೂಲಿ ಮತ್ತು ವಿತರಣೆಗೂ ಖರ್ಚಿದೆ. ರೂಪಾಯಿಗೆ 20 ಪೈಸೆ ಹೀಗೆ ಸೋರುತ್ತದೆ ಎಂದು ಹಿಡಿಯಿರಿ. 3,58,400ಕ್ಕೆ ಸೋರಿಕೆ 71,680. ಬಂದ ಲಾಭ 49,000. ಅಲ್ಲಿಗೆ ‘ಸರಿಯಾದ’ ಸಬ್ಸಿಡಿಯೇ 22,680 ರೂ. ನಷ್ಟಕ್ಕೆ ಇಳಿಯಿತು. ಸೋರಿಕೆ 13.7 ಪೈಸೆ ದಾಟಿದ ಕೂಡಲೇ 560 ರೂ. ದರ ಗಿಟ್ಟುವುದಿಲ್ಲ.

ಹಾಗಂತ ಸಬ್ಸಿಡಿಯೇ ಬೇಡ ಎಂದಲ್ಲ, ದರ ಇಳಿಯಬೇಕು. 20 ಪೈಸೆ ಸೋರಿಕೆ ಸೇರಿಸಿ ಮತ್ತೆ ಲೆಕ್ಕ ಹಾಕಿದರೆ ಅತ್ಯುತ್ತಮ ದರ ಸುಮಾರು 180 ರೂ. ಬರುತ್ತದೆ. ಆಗ ಹೆಚ್ಚುವ ಪೆಟ್ಟಿಗೆ 45, ಖರ್ಚು 98,100, ಸೋರಿಕೆ ಕಳೆದು ನಿವ್ವಳ ಲಾಭ ಸುಮಾರು 6,800 ರೂ. 560 ಎಲ್ಲಿ, 180 ಎಲ್ಲಿ! ಕಾರಣ ಸ್ಪಷ್ಟವಿದೆ. ಸಬ್ಸಿಡಿ ಇಲ್ಲದಿದ್ದರೂ ಇರುತ್ತಿದ್ದ 500 ಪೆಟ್ಟಿಗೆಗೇ 560ರ ದರದಲ್ಲಿ 2,80,000 ಹೋಗುತ್ತಿತ್ತು. ಆ ಹಣ ಒಂದು ಹೊಸ ಕುಟುಂಬವನ್ನೂ ತರುವುದಿಲ್ಲ, ಅದರ ಸೋರಿಕೆ ಮಾತ್ರ ಊರಿನ ತಲೆಗೆ.

‘ಹಾಗಾದರೆ ಹೊಸಬರಿಗೆ ಮಾತ್ರ ಕೊಡೋಣ’ ಎಂಬುದು ತಕ್ಷಣ ಬರುವ ಸಲಹೆ. ಕುಟುಂಬಗಳ ಪೂರೈಕೆ ಏರುಮುಖವಾಗಿರುವಾಗ ಇದೂ ಅಂದುಕೊಂಡಷ್ಟು ಸಲೀಸಲ್ಲ. ಇದೇ ಅಂಕಿಗಳಲ್ಲಿ ಹೊಸಬರಿಗೆ ಮಾತ್ರ 560 ಕೊಟ್ಟರೆ ಮಾರುಕಟ್ಟೆ ಬೆಲೆ ಸುಮಾರು 2,187ಕ್ಕೆ ಏರುತ್ತದೆ. ಹೊಸದಾಗಿ 187 ಪೆಟ್ಟಿಗೆ ಬರುತ್ತವೆ, ಬೆಲೆ ತಾಳದೆ ಹಳಬರು 93 ಬಿಡುತ್ತಾರೆ. ನಿಜವಾಗಿ ಹೆಚ್ಚಿದ್ದು 93 ಅಥವಾ 94. ವರದಿಯಲ್ಲಿ ಮಾತ್ರ ‘187 ಹೊಸ ಫಲಾನುಭವಿಗಳು’ ಎಂದು ಬರುತ್ತದೆ. ಯೋಜನೆಯನ್ನು ಅಳೆಯುವವರು ಫಲಾನುಭವಿಗಳನ್ನು ಎಣಿಸದೆ ಪ್ರದೇಶದ ಒಟ್ಟು ಜೀವಂತ ಕುಟುಂಬಗಳನ್ನು ಎಣಿಸಬೇಕು ಎನ್ನುವುದು ಇದಕ್ಕೇ.

ಶೇಕಡಾವಾರು ದರದ ತೊಂದರೆ

ತೋಟಗಾರಿಕೆ ಯೋಜನೆಗಳಲ್ಲಿ ಶೇ. 40ರಂಥ ದರ ಎಲ್ಲರಿಗೂ ಪರಿಚಿತ. ನಮ್ಮ ಉದಾಹರಣೆಗೆ ಹಾಕಿ ನೋಡಿ: ಕೊಳ್ಳುವವರು ಬೆಲೆಯ ಶೇ. 60 ಕೊಡುತ್ತಾರೆ. 3,000 − 2ಪೆ = 0.6 × (1,000 + 2ಪೆ). ಪೆ = 750, ಬೆಲೆ 2,500, ಸಬ್ಸಿಡಿ ಪೆಟ್ಟಿಗೆಗೆ 1,000 ರೂ., ಒಟ್ಟು 7,50,000. 640 ದಾಟಿದ್ದಕ್ಕೆ ½ × 110 × 550 = 30,250 ನಷ್ಟವಾಗಿ, 49,000ದಲ್ಲಿ ಉಳಿಯುವುದು 18,750. ಸೋರಿಕೆ ಇನ್ನೂ ಸೇರಿಸಿಲ್ಲ.

ಜೇನು ಪಕ್ಕದವರಿಗೆ ಮಾಡುವ ಉಪಕಾರಕ್ಕೂ ಪೆಟ್ಟಿಗೆಯ ಬೆಲೆಗೂ ಸಂಬಂಧವಿಲ್ಲ. ತೇಗದ ದುಬಾರಿ ಪೆಟ್ಟಿಗೆಯ ಜೇನು ಹೆಚ್ಚು ಹೂವಿಗೆ ಹೋಗುವುದಿಲ್ಲ. ಆದರೂ ಶೇಕಡಾವಾರು ಕೊಟ್ಟರೆ ದುಬಾರಿ ಪೆಟ್ಟಿಗೆಗೆ ಹೆಚ್ಚು ಹಣ ಹೋಗುತ್ತದೆ, ಕೊಟೇಶನ್ ಉಬ್ಬಿಸಲು ದಾರಿಯಾಗುತ್ತದೆ. ನಿಗದಿತ ರೂಪಾಯಿಯೇ ಸರಿ.

ಅದನ್ನೂ ಮರದ ಪೆಟ್ಟಿಗೆಗೆ ಕಟ್ಟಬೇಡಿ. ಪರಾಗ ಸಾಗಿಸುವುದು ಹೂ ಅರಳಿದ ಆ ಎರಡು ಮೂರು ದಿನ ಒಳಗಿರುವ ಜೀವಂತ ಕುಟುಂಬ. ಪೆಟ್ಟಿಗೆಗೆ ಹಣ ಕೊಟ್ಟರೆ ಪೆಟ್ಟಿಗೆ ಬರುತ್ತದೆ, ಜೇನು ಹಾರಿಹೋದ ಮೇಲೆ ಅದು ಕೊಟ್ಟಿಗೆಯ ಮೂಲೆ ಸೇರುತ್ತದೆ. ಮೊತ್ತವನ್ನು ಎರಡು ಭಾಗ ಮಾಡಿ, ದೊಡ್ಡ ಭಾಗವನ್ನು ಫೆಬ್ರವರಿಯಿಂದ ಏಪ್ರಿಲ್‌ನೊಳಗಿನ ಹೂವಿನ ಸಮಯದಲ್ಲಿ ತಪಾಸಣೆ ಮಾಡಿ, ಎಷ್ಟು ಚೌಕಟ್ಟಿನಲ್ಲಿ ಜೇನು ತುಂಬಿದೆ ನೋಡಿಯೇ ಕೊಡುವುದು ಮೇಲು. ತಪಾಸಣೆಗೆ ಖರ್ಚಾಗುತ್ತದೆ, ನಿಜ. ಖಾಲಿ ಪೆಟ್ಟಿಗೆಗೆ ಹೋಗುವ ಹಣ ಅದಕ್ಕಿಂತ ದೊಡ್ಡದು.

ಕುಟುಂಬಗಳೇ ಸಿಗದಿದ್ದಾಗ

1991–92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ಬಡಿದು ಶೇ. 90ಕ್ಕೂ ಹೆಚ್ಚು ಕುಟುಂಬಗಳು ನಾಶವಾದವು. ಮರಿಹುಳುಗಳೇ ಸಾಯುವುದರಿಂದ ಕುಟುಂಬ ಪಾಲು ಮಾಡಿ ಹೆಚ್ಚಿಸುವುದೂ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ಪೂರೈಕೆ ರೇಖೆ ಹೆಚ್ಚುಕಡಿಮೆ ಲಂಬವಾಗಿರುತ್ತದೆ. ಲೆಕ್ಕಕ್ಕೆ 500ರಲ್ಲಿ ಲಂಬವೆಂದು ಹಿಡಿದರೆ, 560 ರೂ. ಸಬ್ಸಿಡಿ ಬೆಲೆಯನ್ನು 2,000ದಿಂದ 2,560ಕ್ಕೆ ಏರಿಸುತ್ತದೆ. ಕೊಳ್ಳುವವರು ಕೊಡುವುದು ಆಗಲೂ 2,000, ಪೆಟ್ಟಿಗೆ ಆಗಲೂ 500. ಇಡೀ 2,80,000 ರೂ. ಇದ್ದಬದ್ದ ಕುಟುಂಬ ಮಾರುವವರಿಗೆ ಹೋಯಿತು.

ಆಗ ಹಣ ಹೋಗಬೇಕಾದ್ದು ಪೂರೈಕೆಯ ಕಡೆಗೆ: ರೋಗ ತಡೆದು ಬದುಕಿದ ಕುಟುಂಬಗಳಿಂದ ಸಂತತಿ ಬೆಳೆಸುವುದು, ರಾಣಿ ಸಾಕುವ ತರಬೇತಿ, ಸೋಂಕಿನ ಜಾಗದಿಂದ ಕುಟುಂಬ ಸಾಗಿಸದ ಹಾಗೆ ತಡೆ. ಈ ಜ್ಞಾನವೇ ಇನ್ನೊಂದು ಧನಾತ್ಮಕ ಬಾಹ್ಯತೆ, ಒಬ್ಬರು ಕಂಡುಕೊಂಡದ್ದನ್ನು ಎಲ್ಲರೂ ಬಳಸಬಹುದು. ನನ್ನ ಅಭಿಪ್ರಾಯದಲ್ಲಿ ಜೇನಿಗೆ ಮೀಸಲಿಟ್ಟ ಸಾರ್ವಜನಿಕ ಹಣದಲ್ಲಿ ಮೊದಲ ಪಾಲು ಇದಕ್ಕೇ ಸಲ್ಲಬೇಕು.

ಬೆಲೆ ಆಗಲೇ ಸೊನ್ನೆ ಇದ್ದಾಗ

ಲಸಿಕೆಯಲ್ಲಿ ಇದೇ ಲೆಕ್ಕ ಬೇರೆ ರೂಪ ತಾಳುತ್ತದೆ. ದಡಾರ ಬಂದ ಒಬ್ಬರಿಂದ, ರಕ್ಷಣೆ ಇಲ್ಲದ ಜನರ ನಡುವೆ, 12ರಿಂದ 18 ಜನರಿಗೆ ಹರಡುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಅಂಕಿ. ಒಂದರಿಂದ ಅದರ ವಿಲೋಮ (1/12 ಅಥವಾ 1/18) ಕಳೆದರೆ ಹರಡುವಿಕೆ ನಿಲ್ಲಲು ಬೇಕಾದ ರಕ್ಷಣೆ ಸಿಗುತ್ತದೆ: ಶೇ. 92ರಿಂದ 94. ಆ ಮಟ್ಟ ಗಟ್ಟಿಯಾಗಿ ದಾಟಿದ ಮೇಲೆ ಇನ್ನೊಬ್ಬರ ಲಸಿಕೆಯಿಂದ ಪಕ್ಕದವರಿಗೆ ಸಿಗುವ ಹೆಚ್ಚುವರಿ ರಕ್ಷಣೆ ತೀರಾ ಕಡಿಮೆ. ಇಲ್ಲಿ ಬಾಹ್ಯ ಲಾಭದ ರೇಖೆ ನೇರವಲ್ಲ, ಒಂದು ಹಂತದಲ್ಲಿ ಕುಸಿಯುತ್ತದೆ.

ಭಾರತದಲ್ಲಿ ಸರ್ಕಾರಿ ಲಸಿಕೆ ಉಚಿತ. ಆದರೂ ತಾಯಿಗೆ ಒಂದು ದಿನದ ಕೂಲಿ, ದಾರಿ ಖರ್ಚು, ಮಗುವಿನ ಜ್ವರದ ತಲೆನೋವು ಇದ್ದೇ ಇದೆ. ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ರೇಚಲ್ ಗ್ಲೆನರ್‌ಸ್ಟರ್ ಮತ್ತು ಧ್ರುವ ಕೊಠಾರಿ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಳೆದಿದೆ. ಏನೂ ಮಾಡದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳು ಶೇ. 6. ತಿಂಗಳಿಗೊಮ್ಮೆ ತಪ್ಪದೆ ಶಿಬಿರ ನಡೆಸಿದಲ್ಲಿ ಶೇ. 18. ಶಿಬಿರದ ಜೊತೆ ಪ್ರತಿ ಲಸಿಕೆಗೆ ಒಂದು ಕಿಲೋ ಬೇಳೆ, ಎಲ್ಲ ಮುಗಿಸಿದಾಗ ಊಟದ ತಟ್ಟೆಗಳನ್ನು ಕೊಟ್ಟಲ್ಲಿ ಶೇ. 39. ಬೇಳೆ ಕೊಟ್ಟರೆ ಖರ್ಚು ಹೆಚ್ಚಬೇಕಿತ್ತಲ್ಲ? ಪೂರ್ಣ ಲಸಿಕೆಯಾದ ಒಂದು ಮಗುವಿಗೆ ತಗಲಿದ ಖರ್ಚು 2,202 ರೂಪಾಯಿಯಿಂದ 1,102ಕ್ಕೆ ಇಳಿಯಿತು. ನರ್ಸು ಬಂದು ಕೂರುವ ಖರ್ಚು ಹತ್ತು ಮಕ್ಕಳು ಬಂದರೂ ಮೂವತ್ತು ಬಂದರೂ ಅಷ್ಟೇ.

ಜೇನಿನ ಲೆಕ್ಕದಲ್ಲಿ ಇರುವ ಪೆಟ್ಟಿಗೆಗಳಿಗೆ ಹೋಗುವ ಹಣವೇ ಸಮಸ್ಯೆಯಾಗಿತ್ತು. ಇಲ್ಲಿ ಶೇ. 6ರ ಆಚೆ ಹೆಚ್ಚುಕಡಿಮೆ ಎಲ್ಲರೂ ಹೊಸಬರೇ, ಆದ್ದರಿಂದ ದಂಡ ಹೋಗುವುದು ಕಡಿಮೆ. ಸಬ್ಸಿಡಿ ಗಟ್ಟಿಯಾಗಿ ಕೆಲಸ ಮಾಡುವುದು ಈಗಿನ ಬಳಕೆ ಕಡಿಮೆ ಇದ್ದು, ಸಣ್ಣ ಮೊತ್ತಕ್ಕೆ ಜನ ಬೇಗ ಸ್ಪಂದಿಸುವ ಕಡೆ.

ಸಬ್ಸಿಡಿಗೆ ಬದಲು

ಬೆಂಗಳೂರಿನಲ್ಲಿ ಮಳೆನೀರು ಕೊಯ್ಲಿಗೆ 2009ರಲ್ಲಿ ಕಾನೂನಿನ ದಾರಿ ಹಿಡಿದರು. ಹಳೆಯ ಕಟ್ಟಡ 2,400 ಚದರ ಅಡಿ ನಿವೇಶನದಲ್ಲಿ ಅಥವಾ ಅದಕ್ಕೂ ದೊಡ್ಡದರಲ್ಲಿದ್ದರೆ, ಹೊಸದಾದರೆ 1,200 ಚದರ ಅಡಿಯಿಂದಲೇ ಕಡ್ಡಾಯ. ಬೊಕ್ಕಸಕ್ಕೆ ಹೊರೆಯಿಲ್ಲ, ಖರ್ಚು ಮನೆಯವರದು. ಅಡಚಣೆ ಏನೆಂದರೆ ನೀರು ಸುಲಭವಾಗಿ ಇಂಗುವ ಜಾಗಕ್ಕೂ ಬಂಡೆಯ ಮೇಲಿನ ನಿವೇಶನಕ್ಕೂ ಒಂದೇ ನಿಯಮ. ಎಲ್ಲರ ವೆಚ್ಚವೂ ಹೆಚ್ಚುಕಡಿಮೆ ಒಂದೇ ಇದ್ದು, ತಪಾಸಣೆ ಸುಲಭವಿದ್ದರೆ ಕಡ್ಡಾಯ ಸರಿ. ವೆಚ್ಚದಲ್ಲಿ ಭಾರೀ ಅಂತರವಿದ್ದರೆ ಸಬ್ಸಿಡಿ ಮೇಲು, ಕಡಿಮೆ ಖರ್ಚಿನವರು ತಾವಾಗಿ ಮುಂದೆ ಬರುತ್ತಾರೆ. ಜೇನು ಸಾಕಲು ಕೈ ಪಳಗಿರಬೇಕು, ಅದನ್ನು ಪ್ರತಿ ತೋಟಕ್ಕೂ ಕಡ್ಡಾಯ ಮಾಡಿ ಪ್ರಯೋಜನವಿಲ್ಲ.

ಒಮ್ಮೆ ನಿಗದಿ ಮಾಡಿದ ದರವನ್ನು ಹಾಗೇ ಬಿಡಬೇಡಿ. ಕಿಲೋಗೆ 70 ರೂ. ಉಳಿಯುತ್ತಿದ್ದ ಚೆರಿಯಲ್ಲಿ 35 ಮಾತ್ರ ಉಳಿದರೆ ಬಾಹ್ಯ ಲಾಭದ ರೇಖೆ ಅರ್ಧಕ್ಕಿಳಿದು 600 − 0.5ಪೆ ಆಗುತ್ತದೆ. ಆಗ 3,600 − 2.5ಪೆ = 1,000 + 2ಪೆ, ಪೆ ಸುಮಾರು 578, ದರ 311 ರೂ. ಕಾಫಿ ಬೆಲೆ ಒಂದೆರಡು ವರ್ಷದಲ್ಲೇ ಇಮ್ಮಡಿಯಾಗುವುದೂ ಅರ್ಧಕ್ಕೆ ಬೀಳುವುದೂ ಬೆಳೆಗಾರರು ಕಂಡದ್ದೇ. ಪ್ರತಿ ಕೊಯ್ಲು ಮುಗಿದ ಮೇಲೆ ಮೂರು ಅಂಕಿ ತಿದ್ದಿ ಲೆಕ್ಕ ಪುನಃ ಹಾಕಿ: ಚೆರಿಯ ನಿವ್ವಳ ಬೆಲೆ, ಪ್ರದೇಶದ ಜೀವಂತ ಕುಟುಂಬಗಳ ಸಂಖ್ಯೆ, ಕುಟುಂಬದ ಮಾರುಕಟ್ಟೆ ಬೆಲೆ. ಜೊತೆಗೆ ತೋಟದವರು ಹೂವಿನ ಸಮಯಕ್ಕೆ ತಾವೇ ಹಣ ಕೊಟ್ಟು ಪೆಟ್ಟಿಗೆ ತರಿಸಲು ಶುರುಮಾಡಿದ್ದಾರಾ ವಿಚಾರಿಸಿ. ಶುರುಮಾಡಿದ್ದರೆ ಅವರು ಕೊಡುವ ಬಾಡಿಗೆಯಷ್ಟನ್ನು ಸಬ್ಸಿಡಿಯಿಂದ ಕಳೆಯಿರಿ.